ಮಧ್ಯಾಹ್ನ ಕೈಕೊಡುತ್ತಿದ್ದ ಬ್ಲೂಟೂತ್

ನಮ್ಮ ಶಾಲೆ ಅಳದಂಗಡಿಯಿಂದ ಸ್ವಲ್ಪ ಒಳಗೆ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಎಳೆದು ತೆಗೆದ ತಪ್ಪಿಗೆ, ವಿಜ್ಞಾನದ ಟೀಚರಾದ ನಾನು ಅಲ್ಲಿ ಕಂಪ್ಯೂಟರ್ ಪಂಡಿತೆಯೂ ಆಗಿಬಿಟ್ಟೆ. ಮೈಕ್ ಕಿರುಚಿದರೂ ಪ್ರೊಜೆಕ್ಟರ್ ಮಂಕಾದರೂ ಎಲ್ಲರೂ ನನ್ನ ಮುಖ ನೋಡುತ್ತಾರೆ. ನನಗೋ ತಾಳ್ಮೆ ಕಡಿಮೆ. ಯಂತ್ರಗಳಿಗೆ ಅದು ಗೊತ್ತಿದೆ ಎಂಬುದು ನನ್ನ ಗುಮಾನಿ.

ಒಂಬತ್ತನೆಯ ತರಗತಿಯಲ್ಲಿ ಕಿವಿ ಮಂದವಾದ ಹುಡುಗಿಯೊಬ್ಬಳಿದ್ದಳು. ದುಬೈಯಲ್ಲಿದ್ದ ಅವಳ ಮಾವ ಒಳ್ಳೆಯ ಶ್ರವಣಯಂತ್ರ ಕಳಿಸಿದ್ದರು. ತರಗತಿಯ ಲ್ಯಾಪ್‌ಟಾಪಿಗೆ ಅದನ್ನು ಬ್ಲೂಟೂತಿನಲ್ಲಿ ಸೇರಿಸಿದರೆ ವಿಡಿಯೊ ಪಾಠವೂ ನನ್ನ ಮೈಕಿನ ಮಾತೂ ನೇರ ಅವಳ ಕಿವಿಯೊಳಗೆ ಬರುತ್ತಿತ್ತು. ಲ್ಯಾಪ್‌ಟಾಪ್ ಹಳೆಯದು, ಅದರಲ್ಲಿ ಬ್ಲೂಟೂತ್ ಇರಲಿಲ್ಲ. ಅದಕ್ಕೆಂದೇ ಉಗುರಿನಷ್ಟು ದೊಡ್ಡ ಡಾಂಗಲ್ ಒಂದನ್ನು ಪಕ್ಕದಲ್ಲಿ ಸಿಕ್ಕಿಸಿದ್ದೆವು. ಮೊದಲ ದಿನ ಅವಳು "ಟೀಚರ್, ನಿಮ್ಮ ಸ್ವರ ಇಷ್ಟು ದೊಡ್ಡದಾ?" ಎಂದಾಗ ಇಡೀ ತರಗತಿ ನಕ್ಕಿತ್ತು.

ದಸರಾ ರಜೆ ಮುಗಿದದ್ದೇ ಕಾಟ ಶುರು. ಬೆಳಿಗ್ಗೆ ಸರಿಯಾಗಿ ಸೇರುವ ಯಂತ್ರ ಮಧ್ಯಾಹ್ನದ ನನ್ನ ಪಾಠಕ್ಕೆ ಕೈಕೊಡುತ್ತಿತ್ತು. ಅದೂ ಕೆಲವು ದಿನ ಮಾತ್ರ. ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಸೆಟ್ಟಿಂಗಿನಲ್ಲಿ ಯಂತ್ರದ ಹೆಸರು ಅಳಿಸಿ ಮತ್ತೆ ಸೇರಿಸಲು ನೋಡಿದೆ. ಬೈದೂ ನೋಡಿದೆ. ಡಾಂಗಲ್ ತನ್ನ ಜಾಗದಲ್ಲೇ ಕಾಣುತ್ತಿದ್ದುದರಿಂದ ಅದನ್ನು ಮುಟ್ಟುವ ಬುದ್ಧಿ ಮಾತ್ರ ಬರಲಿಲ್ಲ. ಶನಿವಾರ ಲ್ಯಾಪ್‌ಟಾಪನ್ನೂ ಹುಡುಗಿಯ ಯಂತ್ರವನ್ನೂ ಹೊತ್ತುಕೊಂಡು ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಗೆ ಹೋದರೆ ಅಲ್ಲಿ ಸುಸೂತ್ರ. "ಎಂತದೂ ಆಗ್ಲಿಲ್ಲ ಮೇಡಂ, ಸರಿ ಉಂಟು" ಎಂದು ಅಂಗಡಿಯವನು ನಕ್ಕಾಗ ನನ್ನ ಮೈ ಉರಿಯಿತು.

ಮರುವಾರ ಹುಡುಗಿಯ ತಾಯಿ ಬಂದರು. "ಮಧ್ಯಾಹ್ನದ ಪಾಠ ಕೇಳುದೇ ಇಲ್ಲ ಅಂತಾಳೆ ಟೀಚರ್. ಮಂಗಳೂರಿನಲ್ಲಿ ಇಂಥ ಮಕ್ಕಳ ಶಾಲೆ ಉಂಟಂತೆ, ಹಾಸ್ಟೆಲೂ ಉಂಟು. ಸೋಮವಾರ ಬಂದು ಟಿ.ಸಿ. ತಗೊಳ್ತೇನೆ."

ಹಿಂದೆ ನಿಂತಿದ್ದ ಹುಡುಗಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಬೇಡ ಎಂದು ನಾನು ಹೇಳಬೇಕೆಂದು ಅವಳ ಆಸೆ. ಆದರೆ ಯಾವ ಧೈರ್ಯದಲ್ಲಿ ಹೇಳಲಿ?

ಸೋಮವಾರ ಊಟದ ಬಿಡುವಿಗೆ ತಾಯಿ ಬಂದೇಬಿಟ್ಟರು. ಕೊನೆಯದಾಗಿ ಒಮ್ಮೆ ನೋಡುವ ಎಂದು ಅವರನ್ನು ತರಗತಿಗೆ ಕರೆದುಕೊಂಡು ಹೋದೆ. ಘಟ್ಟದ ಕಡೆ ಸಣ್ಣಗೆ ಗುಡುಗು ಕೇಳುತ್ತಿತ್ತು. ಬಾಗಿಲಲ್ಲೇ ಕಂಡಿತು: ಹುಡುಗಿಯ ಪಕ್ಕ ಕೂರುವ ಗೆಳತಿ ಡಾಂಗಲನ್ನು ಒಂದಿಷ್ಟು ಹೊರಗೆ ಎಳೆಯುತ್ತಿದ್ದಳು. ಗುಡುಗು ಕೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಟಿ.ವಿ. ಪ್ಲಗ್ಗು ಎಳೆಯುತ್ತೇವಲ್ಲ, ಹಾಗೆ.

"ಎಂತ ಮಾಡುದು ನೀನು!"

ನನ್ನ ಕೂಗಿಗೆ ಅವಳು ಕೈ ಹಿಂದಕ್ಕೆಳೆದು, ಕೊನೆಯ ಬೆಂಚಿನ ಹತ್ತಿರವಿದ್ದ ಹುಡುಗಿಯನ್ನು ತೋರಿಸಿದಳು. "ಸಿಡಿಲು ಬರ್ತದೆ ಟೀಚರ್. ಇದು ಸಿಕ್ಕಿಸಿದ್ರೆ ಇವಳ ಕಿವಿಗೇ ಹೋಗ್ತದಲ್ಲ?"

"ತಂತಿಯೇ ಇಲ್ಲ ಮಾರಾಯ್ತಿ, ಹೇಗೆ ಹೋಗುದು? ನನ್ನ ಹತ್ರ ಕೇಳ್ಬಾರ್ದಾ?"

"ಲ್ಯಾಪ್‌ಟಾಪ್ ಮುಟ್ಟಿದ್ರೆ ನೀವು ಬೈತೀರಿ." ಬೆಳಿಗ್ಗೆ ಬಂದು ಅದನ್ನು ಒಳಗೆ ಒತ್ತುವವಳೂ ಅವಳೇ ಅಂತೆ. "ಪಾಠ ಕಿವಿಯೊಳಗೆ ಬರುವಾಗ ಇವಳಿಗೆ ಗುಡುಗು ಕೇಳುದಿಲ್ಲ ಟೀಚರ್. ಹಾಗಾಗಿ ನಾನು ಕೇಳ್ತಾ ಇರ್ತೇನೆ."

ಡಾಂಗಲನ್ನು ಒಳಗೆ ಒತ್ತಿ ಮೈಕಿನಲ್ಲಿ ಹುಡುಗಿಯ ಹೆಸರು ಕರೆದೆ. ನಮಗೆ ಬೆನ್ನು ಮಾಡಿ ನಿಂತಿದ್ದ ಅವಳು ತಟ್ಟನೆ ತಿರುಗಿ ನಕ್ಕಳು.

ತಾಯಿ ಮಾತ್ರ ಆ ಗೆಳತಿಯನ್ನೇ ನೋಡುತ್ತಿದ್ದರು. ಆಫೀಸಿಗೆ ಹೋಗುವಾ ಎಂದು ಕೇಳಿದೆ.

"ಟಿ.ಸಿ. ಬೇಡ ಟೀಚರ್," ಎಂದರು. "ಅಲ್ಲಿ ಇವಳಿಗೋಸ್ಕರ ಗುಡುಗು ಕೇಳ್ಲಿಕ್ಕೆ ಯಾರುಂಟು?"