ಗಾಳಿಯ ಕಡೆಯ ದೋಷ

ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜನಿಗೆ ಹಳೆಯ ಅಮೆರಿಕನ್ ಕಾರಿನ ಹುಚ್ಚು. ಈ ದೇಶದಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಬೇಸಿಗೆ ಬಂತೆಂದರೆ ಹಡಗಿನಂಥ ಕಾರುಗಳನ್ನು ಹೊರಗೆ ತೆಗೆದು ಸುಮ್ಮನೆ ಊರು ಸುತ್ತುತ್ತಾರೆ. ಇವರದು ಐವತ್ತರ ದಶಕದ್ದು. ಕಾರ್ಬ್ಯುರೇಟರ್ ಬದಲು, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯುಯೆಲ್ ಇಂಜೆಕ್ಷನ್ ಇಟ್ಟು ಮಾರಿದ ಮೊದಮೊದಲ ಅಮೆರಿಕನ್ ಕಾರುಗಳಲ್ಲೊಂದು. ಆಗಿನ ಮೆಕ್ಯಾನಿಕ್‌ಗಳ ತಲೆಗೆ ಅದು ಹತ್ತಲಿಲ್ಲ. ಸ್ವಲ್ಪ ತಕರಾರು ಮಾಡಿದರೂ ಕಿತ್ತುಹಾಕಿ ಕಾರ್ಬ್ಯುರೇಟರ್ ಕೂರಿಸಿ ಕಳಿಸುತ್ತಿದ್ದರಂತೆ. ಅಜ್ಜನ ಕಾರಿಗೂ ಅದೇ ಗತಿ. ಪುಣ್ಯಕ್ಕೆ ಕಿತ್ತದ್ದು ಡಿಕ್ಕಿಯಲ್ಲೇ ಉಳಿದಿತ್ತು.

ನಾನು ಲಾರಿಗಳ ಡೀಸೆಲ್ ಇಂಜೆಕ್ಷನ್ ಎಂಜಿನಿಯರ್. ಆ ವಸಂತದಲ್ಲಿ ನಮ್ಮ ಪುಟ್ಟ ಕಂಪನಿ ಡೀಸೆಲ್ ವಿಭಾಗ ಮುಚ್ಚುವುದಾಗಿ ಹೇಳಿತ್ತು. ಬೇಕಿದ್ದವರು ಬ್ಯಾಟರಿ ವಿಭಾಗದ ತರಬೇತಿಗೆ ಸೇರಬಹುದಿತ್ತು. ನನ್ನ ವರ್ಕ್ ಪರ್ಮಿಟ್ ಮೇಲೆಯೇ ಗಂಡ, ಮಗಳು ಇಲ್ಲಿದ್ದರು. ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಆದರೂ ನಾನು ಹೂಂ ಅನ್ನಲಿಲ್ಲ. ಈ ವಯಸ್ಸಿನಲ್ಲಿ ಮತ್ತೆ ಅ ಆ ಇ ಈ ತಿದ್ದಬೇಕೇ ಎಂದು ಸಿಟ್ಟು. ಆ ಸಿಟ್ಟಿನಲ್ಲೇ ಅಜ್ಜನ ಗ್ಯಾರೇಜು ಸೇರಿಕೊಂಡು, ಇಂಜೆಕ್ಷನ್ ಮತ್ತೆ ಕೂರಿಸಿಕೊಡುತ್ತೇನೆ ಎಂದೆ.

ಕೂರಿಸಿದ್ದೇನೋ ಆಯಿತು, ಎಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಪಂಪು ಬಿಚ್ಚಿದೆ, ನಳಿಕೆಗಳನ್ನು ತೊಳೆದೆ. ಡೀಸೆಲ್‌ನವಳ ಬುದ್ಧಿ, ಇಂಧನದ ದಾರಿ ಬಿಟ್ಟು ಆಚೀಚೆ ನೋಡಲಿಲ್ಲ. ಏನೇ ಕೆಲಸವಿರಲಿ, ಅಜ್ಜನಿಗೆ ಮಧ್ಯಾಹ್ನದ ಫೀಕಾ, ಅಂದರೆ ಕಾಫಿಯ ಬಿಡುವು, ತಪ್ಪಬಾರದು. ಒಂದು ಶನಿವಾರ ಹಾಗೆ ಸ್ಪ್ಯಾನರ್ ಕೆಳಗಿಟ್ಟು ಕಾಫಿ ಕುಡಿಯುವಾಗ ಹೊಳೆಯಿತು: ಡೀಸೆಲ್‌ನಲ್ಲಿ ಇಂಧನವೇ ಯಜಮಾನ, ಇಲ್ಲಿ ಮೊದಲು ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟೇ ಪೆಟ್ರೋಲು. ಹೋಗಿ ನೋಡಿದರೆ ಗಾಳಿ ಎಷ್ಟೆಂಬ ಸುದ್ದಿ ಮುಟ್ಟಿಸುವ ಸಣ್ಣ ರಬ್ಬರ್ ಕೊಳವೆ ಬಿರುಕುಬಿಟ್ಟಿತ್ತು. ಬದಲಾಯಿಸಿದೊಡನೆ ಎಂಜಿನ್ ಹದವಾಗಿ ಓಡಿತು.

ಅಜ್ಜ ಕುಣಿದಾಡಲಿಲ್ಲ. ಬಾನೆಟ್ ಮೇಲೆ ಕೈಯಿಟ್ಟು ಸ್ವೀಡಿಷ್‌ನಲ್ಲಿ ಹೇಳಿದರು: “ಇದರಲ್ಲಿ ದೊಡ್ಡ ದೋಷ ಏನೂ ಇರಲಿಲ್ಲ. ಕಲಿಯೋಕೆ ಯಾರಿಗೂ ಮನಸ್ಸಿರಲಿಲ್ಲ, ಅಷ್ಟೇ.” ಅವರು ಹೇಳಿದ್ದು ಹಳೆಯ ಮೆಕ್ಯಾನಿಕ್‌ಗಳ ಬಗ್ಗೆ. ತಾಗಿದ್ದು ನನಗೆ.

ಸೋಮವಾರ ಬೆಳಿಗ್ಗೆಯೇ ಮ್ಯಾನೇಜರ್ ಬಳಿ ಹೋಗಿ ತರಬೇತಿಗೆ ಸೇರುತ್ತೇನೆ ಎಂದೆ. ಶುಕ್ರವಾರವೇ ಎಲ್ಲ ಜಾಗ ಭರ್ತಿಯಾಯಿತು, ನೀವು ಆಸಕ್ತಿ ತೋರಿಸಲಿಲ್ಲವಲ್ಲ ಎಂದ ಆತ, ತೀರ ಮೆಲ್ಲಗೆ. ಇಲ್ಲಿ ಕೆಟ್ಟ ಸುದ್ದಿಯನ್ನೂ ಯಾರೂ ದನಿಯೇರಿಸಿ ಹೇಳುವುದಿಲ್ಲ.

ಸಂಜೆ ಗಂಡ ಮಗಳನ್ನು ದಾಗಿಸ್ ಎಂಬ ಶಿಶುವಿಹಾರದಿಂದ ಕರೆತಂದ. ಅವಳು ಶೂ ಬಿಚ್ಚುತ್ತ, ಬೇಸಿಗೆ ರಜೆ ಮುಗಿದ ಮೇಲೆ ತಾನು ದೊಡ್ಡ ಮಕ್ಕಳ ಗುಂಪಿಗೆ ಹೋಗುತ್ತೇನೆಂದು ಸ್ವೀಡಿಷ್‌ನಲ್ಲಿ ಒಂದೇ ಸಮನೆ ಹೇಳುತ್ತಿದ್ದಳು. ಗಂಡ ನನ್ನ ಮುಖ ನೋಡಿದ. ಬೆಳಿಗ್ಗೆ ನಾನು ಏನು ಕೇಳಲು ಹೋಗಿದ್ದೆನೆಂದು ಅವನಿಗೆ ಗೊತ್ತಿತ್ತು.

“ಇವಳಿಗೆ ಯಾವಾಗ ಹೇಳೋಣ?” ಎಂದ.