ತಿಪ್ಪೆಯ ಹಬೆ

ಆಲ್ಟ್ಯೆ ನಮ್ಮೂರಿನ ಟುಲಿಪ್ ಹೊಲಗಳಲ್ಲೇ ಹುಟ್ಟಿ ಬೆಳೆದವಳು. ಏಪ್ರಿಲ್ ಬಂತೆಂದರೆ ಅರಳಿದ ಹೂಗಳ ತಲೆ ಚಿವುಟಿ ಚೆಲ್ಲುವುದು ಅವಳ ಕೆಲಸ; ನೆಲದೊಳಗೆ ಗಡ್ಡೆ ದಪ್ಪಗಾಗಬೇಕಲ್ಲ. ಚೆಲ್ಲಿದ ಹೂ, ಸಿಪ್ಪೆ, ಕೊಳೆತ ಗಡ್ಡೆ ಎಲ್ಲ ಹಿತ್ತಲ ತಿಪ್ಪೆಗೆ. ಚಳಿಯ ಬೆಳಗಿನಲ್ಲಿ ಕೆಂಪು, ಹಳದಿ ದಳಗಳ ನಡುವಿನಿಂದ ಅದು ಹಬೆಯಾಡುತ್ತದೆ, ಮಲಗಿದ ದೊಡ್ಡ ಪ್ರಾಣಿಯೊಂದು ಉಸಿರು ಬಿಟ್ಟ ಹಾಗೆ.

ಮೊಮ್ಮಗ ಟೈಮೆನ್‌ಗೆ ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿಯಿಲ್ಲ. ಮಣ್ಣು ಮುಟ್ಟಬಾರದು ಎಂದಿದ್ದರು ಡಾಕ್ಟರು. ಅವನು ಮುಟ್ಟಲಿಲ್ಲ. ಅಜ್ಜಿಯ ಪಕ್ಕ ನಿಂತು ಹಬೆ ನೋಡಿದ, ಅಷ್ಟೆ. ಉಸಿರಿನ ಜೊತೆ ಒಳಹೋದ ಬೂಷ್ಟು ಶ್ವಾಸಕೋಶದಲ್ಲಿ ಬೇರುಬಿಟ್ಟಿತು.

ಆಸ್ಪತ್ರೆಯಲ್ಲಿ ಔಷಧಿ ಕೊಟ್ಟರೂ ಜ್ವರ ಇಳಿಯಲಿಲ್ಲ. ಮಗು ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲುತ್ತಿತ್ತು.

"ಓಮಾ, ಗೋಡೆ ಮೇಲೆ ಹೂ ನಡೀತಾ ಇದಾವೆ."

"ನಡೀಲಿ ಬಿಡು ಪುಟ್ಟಾ. ಸುಸ್ತಾದ್ರೆ ಅವೇ ಕೂತ್ಕೋತಾವೆ" ಎಂದಳು ಅಜ್ಜಿ.

ಡಾಕ್ಟರ್ ಹಿಲ್ಲೆ ಅವಳನ್ನು ಪಕ್ಕಕ್ಕೆ ಕರೆದರು. "ಶ್ವಾಸಕೋಶದಲ್ಲಿ ಬೂಷ್ಟು ಇದೆ, ಆದ್ರೆ ಪರೀಕ್ಷೆಗೆ ಇಟ್ಟ ಕಫದಲ್ಲಿ ಅದು ಬೆಳೀತಾನೇ ಇಲ್ಲ. ಬೆಳೆದ್ರೆ ತಾನೇ ಯಾವ ಔಷಧಿಗೆ ಬಗ್ಗುತ್ತೆ ಅಂತ ತಿಳಿಯೋದು. ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಊಹೆನಾದ್ರೂ ಮಾಡಬಹುದು."

ಕಾಫಿ ಯಂತ್ರದ ಬಳಿ ಗಂಡ ಯೋಸ್ಟ್ ಅವಳ ತೋಳು ಹಿಡಿದ. "ತಿಪ್ಪೆ ವಿಷ್ಯ ಎತ್ತಬೇಡ ಕಣೇ. ಪೇಪರ್‌ಗೆ ಹೋದ್ರೆ ಊರಲ್ಲಿ ಒಂದು ಗಡ್ಡೆನೂ ಮಾರಾಟ ಆಗಲ್ಲ. ಜನ ಮುಖಕ್ಕೆ ಉಗೀತಾರೆ."

"ಉಗೀಲಿ. ಒರೆಸ್ಕೊಳ್ಳೋಕೆ ಕರವಸ್ತ್ರ ಇದೆ. ಇನ್ನೊಬ್ಬ ಟೈಮೆನ್ ಇದಾನೇನು?"

ಅವಳು ಒಳಗೆ ಹೋಗಿ ಹೇಳಿಬಿಟ್ಟಳು. "ತಿಪ್ಪೆ ಹತ್ರ ನನ್ ಜೊತೆ ನಿಂತಿದ್ದ, ಡಾಕ್ಟರೇ. ಗಡ್ಡೆ ಕೊಳೀಬಾರ್ದು ಅಂತ ಬೂಷ್ಟು ಕೊಲ್ಲೋ ಔಷಧಿ ನೀರಲ್ಲಿ ಅದ್ದುತ್ತೀವಿ. ಆಮೇಲೆ ಕಸ ಎಲ್ಲ ಅಲ್ಲಿಗೇ."

"ನಾನು ಇವನಿಗೆ ಕೊಡ್ತಿರೋದೂ ಅದೇ ಜಾತಿ ಔಷಧಿ" ಎಂದರು ಹಿಲ್ಲೆ, ಮೆಲ್ಲಗೆ. "ನಿಮ್ಮ ತಿಪ್ಪೆ ಬೂಷ್ಟು ಅದನ್ನ ಕುಡಿದು ಕುಡಿದು ಪಳಗಿರುತ್ತೆ."

ಇಲ್ಲಿ ನಾನು ಸುಮ್ಮನಿರಲಾರೆ. ಯಾರದೋ ಅಂಗಳದಲ್ಲಿ ಒಂದು ವಾರ ಬಾಳುವ ಹೂವಿಗಾಗಿ ಮಕ್ಕಳ ಜೀವ ಕಾಯುವ ಔಷಧಿಯನ್ನು ತೊಟ್ಟಿಗಟ್ಟಲೆ ಸುರಿದವರು ನಾವು. ಊರಿಗೆಲ್ಲ ಗೊತ್ತಿತ್ತು. ಬಾಯಿಬಿಟ್ಟವಳು ಒಬ್ಬಳೇ.

ಅಂದೇ ಬೇರೆ ಔಷಧಿ ನರದೊಳಗೆ ಹನಿಯತೊಡಗಿತು. ಉಗ್ರವಾದದ್ದು, ಮಗು ನಡುಗಿತು, ವಾಂತಿ ಮಾಡಿತು. ಇತ್ತ ಸುದ್ದಿ ತಿಳಿದ ಊರವರು ಆಲ್ಟ್ಯೆಯ ಮನೆಗೆ ಕಾಫಿಗೆ ಬರುವುದನ್ನೇ ಬಿಟ್ಟರು. ಯೋಸ್ಟ್ ಅವಳೊಡನೆ ಮಾತು ಬಿಟ್ಟ, ಆದರೆ ಹಾಸಿಗೆಯ ಪಕ್ಕದಿಂದ ಕದಲಲಿಲ್ಲ.

ಒಂದು ಬೆಳಗ್ಗೆ ಟೈಮೆನ್‌ನ ಹಣೆ ತಣ್ಣಗಿತ್ತು. "ಓಮಾ, ಹಸಿವು. ಚಾಕೊಲೇಟ್ ಕಾಳು ಉದುರಿಸಿದ ಬ್ರೆಡ್ ಬೇಕು."

ಆಲ್ಟ್ಯೆ ಏಳುವ ಮೊದಲೇ ಯೋಸ್ಟ್ ಎದ್ದಿದ್ದ. "ನೀನು ಕೂತಿರೇ" ಎಂದ.