ಇ-ಮೇಲ್, ಪಿ.ಪಿ.

ನನ್ನ ಎಂ.ಎ. ಪ್ರವೇಶದ ಅರ್ಜಿಯಲ್ಲಿ 'ಇ-ಮೇಲ್ ವಿಳಾಸ' ಎಂಬ ಕಾಲಮ್ಮು ಇತ್ತು. ಅದರೆದುರು ಪಕ್ಕದ ಮನೆಯ ಶೈಲಾಳ ವಿಳಾಸ ಬರೆದು, ಮುಂದೆ ಸ್ಫುಟವಾಗಿ 'ಪಿ.ಪಿ.' ಎಂದು ಸೇರಿಸಿದ್ದೆ. ಹಾಗೆ ಬರೆಯಬಾರದೆಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ಒಪ್ಪುತ್ತಿರಲಿಲ್ಲ. ದಾಂಡೇಲಿಯ ನಮ್ಮ ಓಣಿಗೆ ಹೊರಗಿನ ಜಗತ್ತು ಅಲ್ಲಿಯವರೆಗೆ ತಲುಪಿದ್ದೇ ಹಾಗೆ. ಫೋನು ಇದ್ದದ್ದು ಶೈಲಾಳ ತಂದೆ ಪಾಟೀಲರ ಮನೆಯಲ್ಲಿ. ಅದರ ನಂಬರು ಮಾತ್ರ ಹದಿನಾಲ್ಕು ಮನೆಗಳದ್ದು. ಲಗ್ನಪತ್ರಿಕೆಯಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಎಲ್ಲೆಲ್ಲೂ ಆ ನಂಬರು ಬರೆದು ಪಕ್ಕದಲ್ಲಿ 'ಪಿ.ಪಿ.' ಹಾಕುತ್ತಿದ್ದೆವು. ಆ ಎರಡಕ್ಷರ ಯಾವುದರ ಚುಟುಕು ರೂಪವೆಂದು ನನಗೆ ಇಂದಿಗೂ ಖಚಿತವಿಲ್ಲ. ಅರ್ಥ ಮಾತ್ರ ಎಲ್ಲರಿಗೂ ಗೊತ್ತಿತ್ತು: ಫೋನು ನಮ್ಮದಲ್ಲ, ಆದರೆ ಅದು ರಿಂಗಾದರೆ ಯಾರಾದರೂ ಒಬ್ಬರು ನಮ್ಮ ಬಾಗಿಲಿಗೆ ಬಂದು ಕೂಗುತ್ತಾರೆ. ಫೋನಿಗೆ ನಡೆಯುವುದು ಇ-ಮೇಲಿಗೆ ಯಾಕೆ ನಡೆಯಬಾರದು?

ನಲವತ್ಮೂರನೆಯ ವಯಸ್ಸಿನಲ್ಲಿ 'ಮಾಹಿತಿ ಮತ್ತು ಸಂವಹನ' ಓದಲು ಹೊರಟದ್ದಕ್ಕೆ ಜ್ಞಾನದಾಹವೇ ಕಾರಣ ಎಂದು ಬರೆದುಕೊಳ್ಳುವ ಆಸೆಯೇನೋ ಇದೆ. ನಿಜವಾದ ಕಾರಣ ಹೆದರಿಕೆ. ನಾನು ಜೊಯಿಡಾದ ಒಂದು ಸರಕಾರಿ ಕಚೇರಿಯಲ್ಲಿ ಆವಕ-ಜಾವಕ ಗುಮಾಸ್ತ. ಬಂದ ಪತ್ರಕ್ಕೆ ಒಂದು ನಂಬರು, ಹೋದ ಪತ್ರಕ್ಕೆ ಒಂದು ನಂಬರು. ಹೀಗೆ ಸುಖವಾಗಿರುವಾಗ ಒಂದು ದಿನ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಮೇಲೊಂದು ಹೂವಿನ ಬಟ್ಟೆ ಹೊದಿಸಿದೆವು. ಸಾಹೇಬರು ನನ್ನ ಕಡೆ ನೋಡಿ, "ಇನ್ನ ಮುಂದ ಟಪಾಲೆಲ್ಲ ಇದರಾಗನ ಬರತೈತಿ ನೋಡ್ರಿ" ಎಂದರು. ಅವರು ಸಂತೋಷದಿಂದಲೇ ಹೇಳಿದ್ದು. ನಾನು ಮಾತ್ರ ಆ ವಾರವಿಡೀ ಊಟ ಬಿಟ್ಟೆ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವನು ನಾನು. ಅಂಚೆ ಡಬ್ಬಿಗೆ ಹಾಕಿದ ಕಾಗದ ಒಳಗೆ ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿ ಸಿಕ್ಕಿಹಾಕಿಕೊಂಡ ದಾಖಲೆಯೂ ಇದೆ. ಅಂಥವನಿಗೆ ಕಣ್ಣಿಗೇ ಕಾಣದ ಟಪಾಲೆಂದರೆ! ಶತ್ರುವನ್ನು ಅಭ್ಯಾಸ ಮಾಡಿಯೇ ಎದುರಿಸಬೇಕೆಂದು ಅಂಚೆ ಶಿಕ್ಷಣದಲ್ಲಿ ಹೆಸರು ಹಚ್ಚಿಸಿದೆ.

ರಜೆಯಲ್ಲಿ ವಿಶ್ವವಿದ್ಯಾಲಯದಲ್ಲಿ ಹತ್ತು ದಿನದ ತರಗತಿಗಳಿರುತ್ತಿದ್ದವು. ಮೊದಲ ದಿನ ಒಳಗೆ ಕಾಲಿಟ್ಟಾಗ ಹುಡುಗ-ಹುಡುಗಿಯರೆಲ್ಲ ಎದ್ದು ನಿಂತರು. ನಾನು ನೆಟ್ಟಗೆ ಹೋಗಿ ಕಡೆಯ ಬೆಂಚಿನಲ್ಲಿ ಕೂತಾಗ, ಮೋಸಹೋದವರಂತೆ ಕೂತರು. ಅಲ್ಲಿಂದ ಮುಂದೆ ನಾನು 'ಅಂಕಲ್'. ಹಲಗೆಯ ಮೇಲೆ ಪ್ರಾಧ್ಯಾಪಕರು ಎಡಕ್ಕೊಂದು ಚೌಕ, ಬಲಕ್ಕೊಂದು ಚೌಕ ಬರೆದು ನಡುವೆ ಒಂದು ಬಾಣ ಎಳೆದರು. ಎಡದವನು ಕಳಿಸುವವನು, ಬಲದವನು ಪಡೆಯುವವನು. ಬಾಣದ ಮೇಲೆ ಗೀಚಿದ ಅಂಕುಡೊಂಕು ಗೆರೆಗೆ 'ಗದ್ದಲ' ಎಂದು ಹೆಸರು. ಗದ್ದಲ ಕಡಿಮೆಯಾದಷ್ಟೂ ಸಂವಹನ ಶುದ್ಧ. ಡಿಜಿಟಲ್ ಸಮಾಜದಲ್ಲಿ ಅಂತರವೆಂಬುದೇ ಸತ್ತುಹೋಗಿದೆ ಎಂದೂ ಅವರು ಹೇಳಿದರು. ನಾನು ವಿಧೇಯನಾಗಿ ಬರೆದುಕೊಂಡೆ. ಜೊಯಿಡಾದ ಬಸ್ಸು ಕಾದು ಕಾದು ಕಾಲು ಬಾತ ನನಗೆ ಮಾತ್ರ, ಅಂತರ ಸತ್ತ ಸುದ್ದಿ ನಮ್ಮ ಕಡೆಗೆ ಇನ್ನೂ ಬಂದಂತಿಲ್ಲವಲ್ಲ ಎನಿಸಿತು.

ಪದವಿಗೆ ಕೊನೆಯದಾಗಿ ಒಂದು ಕ್ಷೇತ್ರಕಾರ್ಯ ಮಾಡಿ, ವರದಿ ಒಪ್ಪಿಸಿ, ಮೌಖಿಕ ಪರೀಕ್ಷೆಗೆ ಕೂರಬೇಕಿತ್ತು. ಜನ ಮಾಹಿತಿಯನ್ನು ಯಾವ ಮಾಧ್ಯಮದಿಂದ ಪಡೆಯುತ್ತಾರೆ ಎಂಬುದು ನನ್ನ ವಿಷಯ. ನಲವತ್ತು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹಳಿಯಾಳ, ಮುಂಡಗೋಡದ ಹಳ್ಳಿಗಳನ್ನು ಸುತ್ತಿದೆ. ಸನವಳ್ಳಿಯಲ್ಲಿ ಒಬ್ಬ ಅಜ್ಜಿಗೆ ಮೊದಲ ಪ್ರಶ್ನೆ ಓದಿ ಹೇಳಿದೆ: ರೇಡಿಯೋ, ಟಿ.ವಿ., ಪತ್ರಿಕೆ, ಅಂತರ್ಜಾಲ, ಇತರೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ಬರ್ತಿ ಅನ್ನೂದು ನನಗ ನಿನ್ನೀನ ಗೊತ್ತಿತ್ತಪಾ. ಛತ್ರಿ ಹಿಡಕೊಂಡು ಒಬ್ಬಾಂವ ಎಲ್ಲಾರ ಮನಿ ಸುದ್ದಿ ಕೇಳಕೋತ ತಿರಗ್ಯಾಡಾಕ ಹತ್ಯಾನ ಅಂತ ಹೇಳಿದ್ರು. ಅದನ್ನ ಇದರಾಗ ಯಾವುದಕ್ಕ ಬರಕೋತಿ?" ಎಂದಳು. ನಾನು 'ಇತರೆ'ಗೆ ಗುರುತು ಹಾಕಿದೆ. ಊರಿಂದೂರಿಗೆ ಆ 'ಇತರೆ' ಹುತ್ತದಂತೆ ಬೆಳೆಯಿತು. ಇಷ್ಟು 'ಇತರೆ' ನೋಡಿದರೆ ಪರೀಕ್ಷಕರು ನಾನು ಮನೆಯಲ್ಲೇ ಕೂತು ತುಂಬಿದ್ದೇನೆ ಎನ್ನುವುದಿಲ್ಲವೇ? ಒಂದಷ್ಟನ್ನು ಹೊತ್ತು ರೇಡಿಯೋಕ್ಕೆ ಹಾಕಿಬಿಡೋಣವೆಂದು ಮನಸ್ಸು ಮಾಡಿದ್ದೂ ಉಂಟು. ಸಿಕ್ಕಿಬಿದ್ದರೆ ಎಂಬ ಹೆದರಿಕೆ ನನ್ನನ್ನು ಪ್ರಾಮಾಣಿಕನಾಗಿ ಉಳಿಸಿತು. ನನ್ನ ಹೆಚ್ಚಿನ ಸದ್ಗುಣಗಳ ಮೂಲ ಅದೇ.

ಇಂಥ ಹೆದರಿಕೆಗಳಲ್ಲಿ ಮುಂದೂಡುತ್ತ ಐದನೆಯ ವರ್ಷ ಮುಗಿಯುತ್ತ ಬಂತು. ಐದು ವರ್ಷದೊಳಗೆ ಮುಗಿಸದಿದ್ದರೆ ಹೆಸರು ರದ್ದು, ಓದಿದ್ದೆಲ್ಲ ಹೊಳೆಗೆ. ಕಟ್ಟಕಡೆಗೆ ವರದಿ ಒಪ್ಪಿಸಿದೆ. ಮೌಖಿಕ ಪರೀಕ್ಷೆ ಮುಂದಿನ ಸೋಮವಾರವೆಂದು ನಿಗದಿಯಾಯಿತು. ಅದು ನನ್ನ ಕಡೆಯ ಅವಕಾಶ. ಆದರೂ ಪಟ್ಟಿಯಲ್ಲಿ ಹತ್ತು ಮನೆ ಕಡಿಮೆಯಾದಂತೆನಿಸಿ, ಪರೀಕ್ಷಕರು ಕೇಳಿದರೆ ಕೈಯಲ್ಲಿರಲಿ ಎಂದು, ಬುಧವಾರ ರಜೆ ಹಾಕಿ, ಜೊಯಿಡಾದಿಂದ ಒಳಗೆ ಮುಕ್ಕಾಲು ಗಂಟೆ ಕಾಡುದಾರಿ ನಡೆದು ಒಂದು ಕೇರಿಗೆ ಹೋದೆ. ಅಲ್ಲಿ ಗೋವಿಂದ ಎಂಬ ರೈತರ ಅಂಗಳದಲ್ಲಿ ಕೂತು ಇಪ್ಪತ್ಮೂರನೆಯ ಪ್ರಶ್ನೆ ಕೇಳುತ್ತಿದ್ದೆ.

ಅತ್ತ ದಾಂಡೇಲಿಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿದದ್ದು. ಶೈಲಾ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವವಳು. ಮಧ್ಯಾಹ್ನ ತನ್ನ ಮೇಲ್ ತೆರೆದಾಗ ವಿಶ್ವವಿದ್ಯಾಲಯದ ಪತ್ರ ಬಂದಿತ್ತು. ಹೊರಗಿನ ಪರೀಕ್ಷಕರು ಪರದೇಶಕ್ಕೆ ಹೋಗಬೇಕಾಗಿರುವುದರಿಂದ ಪರೀಕ್ಷೆ ಗುರುವಾರ, ಅಂದರೆ ಮರುದಿನವೇ, ಹನ್ನೊಂದು ಗಂಟೆಗೆ. ಅವಳು ಓಡಿಬಂದು ನನ್ನ ಹೆಂಡತಿ ಗಿರಿಜಾಳಿಗೆ ಹೇಳಿದಳು. ಮೊಬೈಲು ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ಜೊಯಿಡಾದ ಕಚೇರಿಯ ಫೋನಿನ ತಂತಿಯ ಮೇಲೆ ಮರ ಬಿದ್ದು ನಾಲ್ಕು ದಿನವಾಗಿತ್ತು.

"ಹೋಗುಮುಂದ ಮೂರ ಸಲ ಕೊಂಡಿ ಜಗ್ಗಿ ನೋಡಿದ್ರು. ಯಾವ ಊರಿಗೆ ಹೊಂಟೇನಿ ಅಂತ ಮಾತ್ರ ಹೇಳಲಿಲ್ಲ ನೋಡವಾ ಶೈಲಾ, ಎಂಥಾ ಮನಷ್ಯಾರಿವರು!" ಎಂದಳಂತೆ ಗಿರಿಜಾ. ಇಬ್ಬರೂ ಬಸ್‌ಸ್ಟ್ಯಾಂಡಿಗೆ ಓಡಿದರು. ಜೊಯಿಡಾ ಬಸ್ಸಿನ ಕಂಡಕ್ಟರ್ ಮಕ್ತುಂಸಾಬರು ನನ್ನ ದಿನನಿತ್ಯದ ಪರಿಚಯ; ಆ ಮುಂಜಾನೆಯೂ ನಾನು ಅವರ ಬಸ್ಸಿನಲ್ಲೇ ಹೋಗಿದ್ದೆ. ಗಿರಿಜಾ ಅವರ ಕೈಗೆ ಚೀಟಿ ಕೊಟ್ಟು, ಬಾಯಿಪಾಠವನ್ನೂ ಒಪ್ಪಿಸಲು ಹೇಳಿದಳು.

"ನಾಳೆ ಹನ್ನೊಂದಕ್ಕ ಪರೀಕ್ಷಾ. ತಪ್ಪಿದ್ರ ಐದ ವರ್ಷದ ಓದು ಹೋತು. ಗಾಬರಿ ಆಗಬ್ಯಾಡ್ರಿ ಅಂತ ಹೇಳಬೇಕು. ಬರೋಬ್ಬರಿ ಆತಿಲ್ರಿ ಅಕ್ಕಾರ?" ಎಂದು ಮಕ್ತುಂಸಾಬರು ಪಾಠ ಒಪ್ಪಿಸಿದರಂತೆ.

"ಗಾಬರಿ ಆಗಬ್ಯಾಡ್ರಿ ಅಂದ್ರ ಅದಕ್ಕೂ ಗಾಬರಿ ಆಗ್ತಾರ್ರಿ. ಅದೊಂದ ಬಿಡ್ರಿ."

ಮಕ್ತುಂಸಾಬರು ಜೊಯಿಡಾದಲ್ಲಿ ಇಳಿದು, ಸ್ಟ್ಯಾಂಡಿನೆದುರಿನ ಚಹಾದಂಗಡಿಯ ಸಾವಿತ್ರಿಬಾಯಿಗೆ ಚೀಟಿ ದಾಟಿಸಿದರು. ಮುಂಜಾನೆ ನಾನು ಅಲ್ಲೇ ಚಹಾ ಕುಡಿದು ಗೋವಿಂದರ ಕೇರಿಯ ದಾರಿ ಕೇಳಿದ್ದೆ. ಗೋವಿಂದರ ಮೊಮ್ಮಗಳು ಸುನೀತಾ ಜೊಯಿಡಾದಲ್ಲಿ ಪಿಯುಸಿ ಓದುತ್ತಾಳೆ, ಮೂರು ಗಂಟೆಗೆ ಕಾಲೇಜು ಬಿಟ್ಟು ಅಂಗಡಿಯ ಮುಂದೆಯೇ ಹಾಯುತ್ತಾಳೆ ಎಂಬುದೂ ಸಾವಿತ್ರಿಬಾಯಿಗೆ ಗೊತ್ತು. ಹೀಗೆ, ನನ್ನ ಇಪ್ಪತ್ಮೂರನೆಯ ಪ್ರಶ್ನೆಗೆ ಗೋವಿಂದ ಗಂಭೀರವಾಗಿ ಯೋಚಿಸುತ್ತಿದ್ದಾಗ, ಸುನೀತಾ ಪುಸ್ತಕದ ಚೀಲದ ಸಮೇತ ಏದುಸಿರು ಬಿಡುತ್ತ ಅಂಗಳಕ್ಕೆ ಬಂದಳು.

"ಸರ್, ನಿಮ್ಮ ಪರೀಕ್ಷೆ ನಾಳೆನೇ ಅಂತೆ. ಸಾವಿತ್ರಿಬಾಯಿ ಸಂಜೆ ಬಸ್ಸು ನಿಲ್ಲಿಸಿಟ್ಟುಕೊಳ್ತಾರಂತೆ. ನಡೀರಿ ಬೇಗ."

"ಖರೇ ಏನ? ಯಾರ ಹೇಳಿದ್ರು? ನಾಳೆ ಅಂದ್ರ, ಗುರುವಾರಾನ?"

ಗೋವಿಂದ ಎದ್ದು ನನ್ನ ಛತ್ರಿ ಕೈಗಿತ್ತರು. "ಹೌದು ಸಾಹೇಬ್ರೆ, ನಾಳೆ ಗುರುವಾರ. ಇಲ್ಲೂ ಹಾಗೇ."

ಅವರಿಬ್ಬರೂ ನನ್ನನ್ನು ಅಡ್ಡದಾರಿಯಲ್ಲಿ ಓಡಿಸಿಕೊಂಡು ಬಂದರು. ಬಸ್ಸು ಕಾಲು ಗಂಟೆಯಿಂದ ನಿಂತಿತ್ತು. ಯಾರೂ ಗೊಣಗಲಿಲ್ಲ; ಅದಕ್ಕೆ ಪ್ರತಿಯಾಗಿ ದಾಂಡೇಲಿಯವರೆಗೆ ಇಡೀ ಬಸ್ಸು ನನ್ನ ಮೌಖಿಕ ಪರೀಕ್ಷೆ ತೆಗೆದುಕೊಂಡಿತು. "ಈ ವಯಸ್ಸಿನಾಗ ಯಾಕ ಬೇಕಾಗಿತ್ರಿ?" ಎಂಬುದು ಮೊದಲ ಪ್ರಶ್ನೆ.

ಗುರುವಾರ ಪರೀಕ್ಷಕರು ವರದಿಯ ಹಾಳೆಗಳನ್ನು ಮಗುಚುತ್ತ, ನಾನು ಹೆದರಿದ್ದಲ್ಲಿಗೇ ಬಂದು ನಿಂತರು. "ಇಷ್ಟೊಂದು 'ಇತರೆ' ಬಂದರೆ ಅದು ಉತ್ತರವಲ್ಲ. ನಿಮ್ಮ ಪ್ರಶ್ನಾವಳಿ ಸೋತಿದೆ ಅಂತ ಅರ್ಥ." ಇದಕ್ಕಾಗಿ ಎರಡು ಪುಟದ ಸಮರ್ಥನೆ ಉರುಹೊಡೆದಿದ್ದೆ. ಅದರ ಒಂದು ಶಬ್ದವೂ ನೆನಪಾಗಲಿಲ್ಲ. ನೆನಪಿದ್ದದ್ದು ನಿನ್ನೆಯದು ಮಾತ್ರ. ಅದನ್ನೇ ಹೇಳಿದೆ, ಶೈಲಾಳಿಂದ ಸುನೀತಾಳವರೆಗೆ, ಒಬ್ಬರನ್ನೂ ಬಿಡದೆ.

ಅವರು ನನ್ನ ಅರ್ಜಿ ತೆರೆದು ನೋಡಿದರು. "ಪಿ.ಪಿ. ಅಂತ ಬರೆದಿದ್ದೀರಿ! ಸ್ವಂತ ಇ-ಮೇಲ್ ಇಲ್ಲವೇ? ಇದ್ದಿದ್ದರೆ ಇಷ್ಟೆಲ್ಲ ಒದ್ದಾಟ ಬೇಕಿತ್ತೇ?"

"ಸ್ವಂತದ್ದು ಇದ್ದಿದ್ದರೆ ಸರ್, ಪತ್ರ ಅದರಲ್ಲಿ ಕ್ಷೇಮವಾಗಿ ಇರುತ್ತಿತ್ತು. ನಾನು ಇಲ್ಲಿ ಇರುತ್ತಿರಲಿಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪರೀಕ್ಷಕರು ನಗಲಿಲ್ಲ. ಖಾಲಿ ಹಾಳೆಯೊಂದನ್ನು ನನ್ನತ್ತ ತಳ್ಳಿ, "ಪುಸ್ತಕದ ಆ ಬಾಣ ಇದೆಯಲ್ಲ, ಅದರೊಳಗೆ ಇವರನ್ನೆಲ್ಲ ಬರೆಯಿರಿ ನೋಡೋಣ" ಎಂದರು. ಬರೆದೆ. ಬಾಣ ಸಾಲದೆ ಹಾಳೆಯ ಹಿಂಬದಿಗೆ ಹೋಯಿತು. 'ಇತರೆ' ಎಂಬ ಅಧ್ಯಾಯವನ್ನು ಹದಿನೈದು ದಿನದಲ್ಲಿ ಹೊಸದಾಗಿ ಬರೆದು ಕೊಡಬೇಕೆಂಬ ಕರಾರಿನ ಮೇಲೆ ಪಾಸು ಮಾಡಿದರು. ದರ್ಜೆ ದ್ವಿತೀಯ.

ಇದನ್ನೆಲ್ಲ ಹೇಳಿ, ಯಂತ್ರಕ್ಕಿಂತ ಮನುಷ್ಯ ದೊಡ್ಡವನೆಂದು ಭಾಷಣ ಮಾಡುವ ಧೈರ್ಯ ನನಗಿಲ್ಲ. ಆ ಪತ್ರ ಅಂಚೆಯಲ್ಲಿ ಬಂದಿದ್ದರೆ ಶನಿವಾರ ಮುಟ್ಟುತ್ತಿತ್ತು. ತಂತಿಯೊಳಗೆ ಕ್ಷಣದಲ್ಲಿ ದಾಂಡೇಲಿಗೆ ಬಂದದ್ದು ಯಂತ್ರದ್ದೇ ಉಪಕಾರ. ಮನುಷ್ಯರ ಬಾಣಕ್ಕೆ ಇನ್ನೊಂದು ಗುಣವಿದೆ, ಅದು ಏನನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ಪತ್ರಿಕೆಯಲ್ಲಿ ನನಗೆ ನಲವತ್ತೊಂದು ಅಂಕ ಬಂದದ್ದು ನನಗಿಂತ ಮೊದಲು ಹಾಲಿನವನಿಗೆ ತಿಳಿದಿತ್ತು. "ಹೋಗ್ಲಿ ಬಿಡ್ರಿ, ಪಾಸ್ ಆದ್ರಲ್ಲ" ಎಂದು ಅವನು ಸಮಾಧಾನ ಹೇಳುವಾಗ ನಾನಿನ್ನೂ ಹಲ್ಲುಜ್ಜುತ್ತಿದ್ದೆ.

ಆಮೇಲೆ ಶೈಲಾ ಹಟ ಹಿಡಿದು ನನಗೂ ಒಂದು ಸ್ವಂತ ವಿಳಾಸ ಮಾಡಿಕೊಟ್ಟಳು. ಪದವೀಧರನ ಟಪಾಲು ಎಂದು ಹೆಮ್ಮೆಯಿಂದ ವಾರಕ್ಕೊಮ್ಮೆ ತೆರೆದೆ. ಪತ್ರ ಬರೆಯುವವರು ಯಾರೂ ಇರಲಿಲ್ಲ. ಹೀಗಿರುವಾಗ ಸಾವಿತ್ರಿಬಾಯಿಯ ಅಂಗಡಿಯಲ್ಲಿ ಸುನೀತಾ ಎದುರಾದಳು. ಕೈಯಲ್ಲಿ ನರ್ಸಿಂಗ್ ತರಬೇತಿಯ ಅರ್ಜಿ. ಇ-ಮೇಲ್ ಎಂಬ ಕಾಲಮ್ಮಿನ ಮೇಲೆ ಪೆನ್ನು ನಿಲ್ಲಿಸಿ, "ಸರ್, ನಿಮ್ಮದು ಹಾಕಲಾ?" ಎಂದಳು. ಹಾಕು ಎಂದೆ. ಮುಂದೆ ಆ ಎರಡಕ್ಷರವನ್ನು ತಾನಾಗಿಯೇ ಬರೆದಳು. ಅಂಥದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ವರ್ಷ ಅವಳ ಹಿಂದೆ ಇನ್ನಿಬ್ಬರು ಹುಡುಗಿಯರು ಬಂದರು.

ವಾರಕ್ಕೊಮ್ಮೆ ಸೈಬರ್ ಸೆಂಟರಿಗೆ ಹೋಗುತ್ತಿದ್ದವನು ದಿನವೂ ಹೋಗತೊಡಗಿದೆ. ನನ್ನ ಸ್ವಂತ ಪರೀಕ್ಷೆಗೂ ಅಷ್ಟು ಹೆದರಿರಲಿಲ್ಲ. ಮೇಲ್ ಬಂದು ನಾನು ನೋಡದಿದ್ದರೆ? ನೋಡಿಯೂ ತಪ್ಪಾಗಿ ಓದಿದರೆ? ಜೀವಮಾನವೆಲ್ಲ ಸುಮ್ಮಸುಮ್ಮನೆ ಹೆದರುತ್ತ ಬಂದವನಿಗೆ, ಹೆದರಿಕೆಯನ್ನು ಇನ್ನೊಬ್ಬರ ಕೆಲಸಕ್ಕೆ ಹಚ್ಚಿದರೆ ಅದಕ್ಕೆ ಕಾಳಜಿ ಎಂಬ ಮರ್ಯಾದೆಯ ಹೆಸರು ಬರುತ್ತದೆಂದು ತಿಳಿದದ್ದು ಆಗಲೇ. ಒಂದು ಶನಿವಾರ ಮಧ್ಯಾಹ್ನ ಪತ್ರ ಬಂತು. ಸುನೀತಾಳಿಗೆ ಸೀಟು ಸಿಕ್ಕಿತ್ತು; ಮಂಗಳವಾರದೊಳಗೆ ಹಾಜರಾಗಬೇಕಿತ್ತು. ಎರಡು ಸಲ ಓದಿದೆ, ಚೀಟಿ ಬರೆದೆ, ಮತ್ತೊಮ್ಮೆ ಓದಿದೆ. ಮಕ್ತುಂಸಾಬರ ಬಸ್ಸು ಹೊರಡಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಆದರೂ ಓಡಿದೆ.